ನಾಲ್ಕು ನಂಬರಿನ ತೋಟಾ

ಮೌಳಂಗಿಯ ನಮ್ಮ ಮಾಮಾನ ಹತ್ತಿರ ಒಂಟಿ ನಳಿಕೆಯ 12 ಬೋರ್ ಬಂದೂಕು ಇತ್ತು. ಗದ್ದೆಯ ಒಂದು ಬದಿಗೆ ಕಾಳಿ ನದಿ, ಇನ್ನೊಂದು ಬದಿಗೆ ಬಿದಿರು ಕಾಡು. ಭತ್ತ ತೆನೆ ಕಟ್ಟಿತೆಂದರೆ ಹಂದಿ ಬರುವುದು ಖಾತ್ರಿ. ಬೆಳೆ ಕಾಯಲೆಂದೇ ಸಿಕ್ಕ ಲೈಸೆನ್ಸು ಅದು. ಬಂದೂಕಿಗಿಂತ ಲೈಸೆನ್ಸಿನ ಪುಸ್ತಕವನ್ನೇ ಮಾಮಾ ಹೆಚ್ಚು ಜೋಪಾನ ಮಾಡುತ್ತಿದ್ದರು.

12 ಬೋರ್ ಅಂದರೇನು ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು. ನಳಿಕೆಗೆ ಸರಿಯಾಗಿ ಕೂಡ್ರುವ ಸೀಸದ ಗುಂಡು ಎರಕ ಹೊಯ್ದರೆ, ಅಂಥ ಹನ್ನೆರಡು ಗುಂಡು ಸೇರಿ ಒಂದು ಪೌಂಡು ತೂಗಬೇಕು. 16 ಬೋರಿಗೆ ಹದಿನಾರು ಗುಂಡು ಬೇಕು. ಹೀಗಾಗಿ ಅಂಕಿ ದೊಡ್ಡದಾದಷ್ಟೂ ನಳಿಕೆ ಸಣ್ಣದು! ರೈಫಲಿನ ಲೆಕ್ಕ ಬೇರೆ. ಅಲ್ಲಿ ಇಂಚಿನ ಭಾಗವೇ ಅಂಕಿ. ಪಾಯಿಂಟ್ 315 ಎಂದರೆ ಎಂಟು ಮಿಲಿಮೀಟರು. ಎರಡು ಲೆಕ್ಕವೂ ತಲೆಗೆ ಹತ್ತಿದ ಮೇಲೆ ನಾನೇ ದೊಡ್ಡ ಶಿಕಾರಿ ಎಂಬ ಗತ್ತು ಬಂದುಬಿಟ್ಟಿತ್ತು. ಆಗ ನನಗೆ ಹನ್ನೆರಡು ವರ್ಷ.

ತೋಟಾಗಳಲ್ಲಿ ಎರಡೇ ಜಾತಿ ಮನೆಯಲ್ಲಿರುತ್ತಿದ್ದವು. ಒಂದು ಎಲ್.ಜಿ.; ಒಳಗೆ ಕಡಲೆಕಾಳಿನಷ್ಟು ದಪ್ಪದ ಆರು ಸೀಸದ ಗುಂಡು. ಇನ್ನೊಂದು ನಾಲ್ಕು ನಂಬರು. ಕೊತ್ತಂಬರಿ ಬೀಜದಷ್ಟು ಸಣ್ಣ ಚರೆ, ನೂರೆಂಬತ್ತರ ಆಸುಪಾಸು. ಕಾಡುಕೋಳಿಗೆ ಅದು. ಎರಡರ ಹೊರಮೈಯೂ ಒಂದೇ ದಪ್ಪ, ಒಂದೇ ಉದ್ದ. ಆಗಿನದು ಕಾಗದದ ತೋಟಾ. ಮಳೆಗಾಲದಲ್ಲಿ ಉಬ್ಬಿ ನಳಿಕೆಯೊಳಗೆ ಹೋಗುವುದಿಲ್ಲವೆಂದು ಡಬ್ಬಿಗೆ ಹಾಕಿ ಅಕ್ಕಿಯಲ್ಲಿ ಹುಗಿದಿಡುತ್ತಿದ್ದರು. ಹಾಗಿಟ್ಟರೂ ಬಾಯಿಯ ಮೇಲಿನ ರಟ್ಟಿನ ಬಿಲ್ಲೆಯಲ್ಲಿ ಅಚ್ಚಾದ ನಂಬರು ಮಸುಕಾಗುತ್ತಿತ್ತು.

1967ರ ಸುಗ್ಗಿಗೆ ಮುಂಚಿನ ಒಂದು ರಾತ್ರಿ. ಮಾಳದ ಮೇಲೆ ನಾವಿಬ್ಬರೇ. ತೋಟಾದ ಚೀಲ ನನ್ನ ತೊಡೆಯ ಮೇಲಿತ್ತು. ಕೆಳಗೆ ಭತ್ತ ಮುರಿಯುವ ಸಪ್ಪಳ ಕೇಳಿತು. ಮಾಮಾ ಕೈ ಹಿಂದೆ ಚಾಚಿ ಪಿಸುಗುಟ್ಟಿದರು: “ಎಲ್.ಜಿ. ಕೊಡೋ ತಮ್ಮಾ.” ಬ್ಯಾಟರಿ ಹಚ್ಚಿದರೆ ಹಂದಿ ಓಡುತ್ತದೆ. ಬೆರಳಿಗೆ ಸಿಕ್ಕಿದ್ದನ್ನು ಕೊಟ್ಟೆ.

ಇಪ್ಪತ್ತೈದು ಹೆಜ್ಜೆಯಾಚೆ ಈಡು ಬಿತ್ತು. ಹಂದಿ ಒಮ್ಮೆ ಕಿರುಚಿ ಬಿದಿರಿನೊಳಗೆ ನುಗ್ಗಿತು. ಬೆಳಗಾದ ಮೇಲೆ ನೋಡಿದರೆ ಒಂದಿಷ್ಟು ಕೂದಲು, ನಾಲ್ಕಾರು ಹನಿ ರಕ್ತ. ಮಾಮಾ ಚೀಲ ಬಿಚ್ಚಿ ಎಣಿಸಿದರು. ಮನೆಯಿಂದ ತಂದ ಆರು ಎಲ್.ಜಿ. ಆರೂ ಅಲ್ಲೇ ಇದ್ದವು. ನನ್ನ ಮುಖ ನೋಡಿದರೇ ಹೊರತು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಾಯದ ಪ್ರಾಣಿಯನ್ನು ಹಾಗೇ ಬಿಟ್ಟು ಬರುವುದು ಮಾಮಾನ ಜಾಯಮಾನದಲ್ಲಿರಲಿಲ್ಲ. ಹೆಜ್ಜೆ ಹಿಡಿಯಲು ಕುಣಬಿ ಅಜ್ಜನೊಬ್ಬನನ್ನು ಕರೆದುಕೊಂಡರು. ಮೊದಲ ದಿನ ಏನೂ ಸಿಗಲಿಲ್ಲ. ಎರಡನೇ ದಿನ ಮಧ್ಯಾಹ್ನ ಬಿದಿರು ಮೆಳೆಯೊಳಗಿಂದ ಅದು ನೇರ ಅಜ್ಜನ ಮೇಲೆ ಬಂತು. ಮಾಮಾನ ಈಡು ಬೀಳುವ ಮೊದಲೇ ಅಜ್ಜನ ಮೀನಖಂಡ ಸೀಳಿ ಹೋಗಿತ್ತು. ಚಕ್ಕಡಿಯಲ್ಲಿ ದಾಂಡೇಲಿಗೆ ಒಯ್ದರು. ಅಜ್ಜ ಬದುಕಿದ, ಕಾಲು ಮಾತ್ರ ಸರಿಯಾಗಲಿಲ್ಲ. ಆಸ್ಪತ್ರೆಯಲ್ಲಿ ಹೇಗಾಯಿತೆಂದು ಕೇಳಿದವರಿಗೆಲ್ಲ ಮಾಮಾ, “ಕತ್ತಲಾಗಿತ್ತು, ಗುರಿ ತಪ್ಪಿತು” ಎಂದೇ ಹೇಳಿದರು.

ಗಂಡು ಹಂದಿಯ ಭುಜದ ಮೇಲೆ ಚರ್ಮದ ಕೆಳಗೆ ಗಟ್ಟಿಯಾದ ಒಂದು ಪದರ ಇರುತ್ತದೆ. ಗಂಡುಗಳ ಕಾದಾಟದಲ್ಲಿ ಕೋರೆ ಒಳಗಿಳಿಯದಂತೆ ತಡೆಯುವ ಗುರಾಣಿ ಅದು. ಸುಲಿದವರು ಹೇಳಿದರು, ನನ್ನ ನಾಲ್ಕು ನಂಬರಿನ ಚರೆಗಳೆಲ್ಲ ಅದರಲ್ಲೇ ಚಪ್ಪಟೆಯಾಗಿ ಅಂಟಿಕೊಂಡಿದ್ದವಂತೆ. ಒಂದೂ ಒಳಗೆ ದಾಟಿರಲಿಲ್ಲ.

ಆಮೇಲೆ ಈ ಗುಂಡು, ಕ್ಯಾಲಿಬರುಗಳ ವಿಷಯ ಎಲ್ಲಿ ಕಂಡರೂ ಓದುವ ಚಟ ನನಗೆ ಅಂಟಿತು. ಜಿಮ್ ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಹೊಡೆದದ್ದು ಪಾಯಿಂಟ್ 275 ರಿಗ್ಬಿಯಿಂದ. ಅದರ ಗುಂಡು ಒಂಬತ್ತು ಗ್ರಾಮಿನ ಆಸುಪಾಸು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ನೆಚ್ಚಿದ್ದು ಪಾಯಿಂಟ್ 405 ವಿಂಚೆಸ್ಟರನ್ನು. ಅದರದು ಎರಡು ಪಟ್ಟಿಗೂ ಹೆಚ್ಚು. ಯಾವುದು ಮೇಲು ಎಂದು ವಾದಿಸುವವರು ಅಂಕಿಯಲ್ಲೇ ಮುಳುಗಿರುತ್ತಾರೆ. ಗುಂಡಿನ ಮೂತಿಯನ್ನು ಬಹಳ ಜನ ಕೇಳುವುದೇ ಇಲ್ಲ. ಮೂತಿಯಲ್ಲಿ ಸೀಸ ತೆರೆದಿದ್ದರೆ ಮಾಂಸಕ್ಕೆ ತಾಗಿದೊಡನೆ ಅಣಬೆಯ ಹಾಗೆ ಅರಳಿ ಅಗಲ ಗಾಯ ಮಾಡುತ್ತದೆ. ಕಡವೆಗೆ, ಹುಲಿಗೆ ಅದನ್ನು ಬಳಸುತ್ತಿದ್ದರು. ಮೈತುಂಬ ಗಟ್ಟಿ ಲೋಹದ ಕವಚವಿದ್ದರೆ ಅರಳದೆ ನೇರ ಆಳಕ್ಕೆ ಹೋಗುತ್ತದೆ. ಆನೆಯ ತಲೆಬುರುಡೆಗೆ ಅದೇ ಬೇಕು. ಅದನ್ನೇ ಸಣ್ಣ ಜಿಂಕೆಗೆ ಹೊಡೆದರೆ ಸಣ್ಣ ತೂತು ಕೊರೆದು ಆಚೆ ಹೋಗುತ್ತದೆ, ಜಿಂಕೆ ಮೈಲಿಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತದೆ.

ಒಮ್ಮೆ ಮರದ ಗುತ್ತಿಗೆದಾರರೊಬ್ಬರ ಅತಿಥಿ ಪಾಯಿಂಟ್ 375ರ ವಿಲಾಯತಿ ರೈಫಲು ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಮುನ್ನೂರು ಗಜಕ್ಕೆ ಗುಂಡು ಎಷ್ಟು ಇಂಚು ಇಳಿಯುತ್ತದೆ ಎಂಬುದನ್ನು ಚಹಾ ಮುಗಿಯುವ ತನಕ ವಿವರಿಸಿದರು. ಮಾಮಾ ಕೇಳಿದ್ದು ಒಂದೇ ಮಾತು: “ಸಾಹೇಬರ, ನಮ್ಮ ಬಿದಿರಿನ್ಯಾಗ ನಿಮಗ ಮೂವತ್ತು ಗಜ ಕಾಣಸ್ತದೇನ್ರಿ?” ಅಡ್ಡ ಕಡ್ಡಿ ತಾಗಿದರೆ ಎಂಥ ಗುಂಡೂ ದಾರಿ ತಪ್ಪುತ್ತದೆ ಎಂದು ಅವರಿಗೆ ಗೊತ್ತಿತ್ತು. ಅತಿಥಿಗಳು ನಕ್ಕರು.

1972ರ ಕಾಯಿದೆ ಬಂದ ಮೇಲೆ ಶಿಕಾರಿಯ ಮಾತೆಲ್ಲ ಹಳೆಯದಾಯಿತು. ಬಂದೂಕು ಗೂಟಕ್ಕೆ ತೂಗುತ್ತಿತ್ತು. ಚುನಾವಣೆ ಬಂದಾಗ ಠಾಣೆಗೆ ಹೋಗಿ ಜಮಾ ಆಗುತ್ತಿತ್ತು, ಮುಗಿದ ಮೇಲೆ ಮನೆಗೆ ಬರುತ್ತಿತ್ತು. ಹಂದಿಗಳ ಹಾವಳಿ ಮಾತ್ರ ಇವತ್ತಿಗೂ ನಿಂತಿಲ್ಲ.

ಕಾಲೇಜಿನ ರಜೆಗೆ ಬಂದಾಗ ಒಂದು ಸಂಜೆ ಜಗುಲಿಯಲ್ಲಿ ಕೂತು ಏನೋ ಓದುತ್ತಿದ್ದೆ. ಅಜ್ಜ ಕೋಲೂರಿಕೊಂಡು ಬಂದ. ಅರ್ಧ ಕೊಂಕಣಿ ಬೆರೆತ ಅವನ ಕನ್ನಡದಲ್ಲಿ ಮಾಮಾನ ಬಗ್ಗೆ, ಮಳೆಯ ಬಗ್ಗೆ ಮಾತಾಡಿದ. ಎದ್ದು ಹೊರಡುವಾಗ ನನ್ನ ಕೈಯಲ್ಲಿದ್ದ ಪುಸ್ತಕಕ್ಕೆ ಬೆರಳು ತೋರಿಸಿ, “ತಮ್ಮಾ, ಈಗ ನಂಬರು ಸರಿ ಓದ್ತಿಯಲ್ಲ?” ಎಂದು ಕೇಳಿ ನಕ್ಕುಬಿಟ್ಟ. ಮಾಮಾ ಹೇಳಿದ್ದರೋ, ಸುಲಿದವರ ಬಾಯಿಂದ ತಿಳಿದಿತ್ತೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಪುಸ್ತಕ ಮುಚ್ಚಿ, ನಾಯಿ ಬೊಗಳದಂತೆ ಹಿಡಿದುಕೊಂಡು, ಗದ್ದೆಯ ಬದುವಿನ ತನಕ ಅವನ ಜೊತೆಗೆ ನಡೆದೆ.