ಹಾಲು ಕರೆಯುವ ಹೊತ್ತಿನ ಹೂವು

ಬೀಜದ ಪೊಟ್ಟಣದ ಮೇಲಿನ ಚಿತ್ರ ನೋಡಿ ಮರುಳಾಗುವುದು ನನ್ನ ಹಳೆಯ ಚಟ. ಚಿತ್ರದಲ್ಲಿದ್ದಂಥ ಹೂವು ನಮ್ಮ ಅಂಗಳದಲ್ಲಿ ಬಿಟ್ಟದ್ದು ಹತ್ತರಲ್ಲಿ ಒಂದು ಸಲ ಇದ್ದೀತು. ಉಳಿದ ಒಂಬತ್ತನ್ನು ಮಳೆ, ಬಸವನಹುಳು ಮತ್ತು ಪಕ್ಕದ ಮನೆಯ ಕೋಳಿ ತಕರಾರಿಲ್ಲದೆ ಹಂಚಿಕೊಂಡಿವೆ. ಹಾಗಾಗಿ ಅಣ್ಣನ ಮಗ ಫೋನಿನಲ್ಲಿ ಹುಡುಕಿ ತರಿಸಿಕೊಟ್ಟ ಹೊಸ ಪೊಟ್ಟಣವನ್ನು ಅತ್ತೆಗೆ ಕಾಣದ ಹಾಗೆ ಸೆರಗಿನಡಿ ಹಿಡಿದುಕೊಂಡೇ ಹಿತ್ತಲಿಗೆ ಹೋದೆ. ಅದರ ಮೇಲೆ ನಿಂಬೆಹಣ್ಣಿನ ಬಣ್ಣದ ನಾಲ್ಕೆಸಳಿನ ಹೂವು. ಹೆಸರು ಇವನಿಂಗ್ ಪ್ರಿಮ್‌ರೋಸ್.

ಹೆಸರು ನನಗೆ ಹೊಸದಲ್ಲ. ನಾನು ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕು, ಓದಿದ್ದು ಹೊಸನಗರ, ಮದುವೆಯಾಗಿ ಬಂದದ್ದು ಸಾಗರ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹರಿಯುವುದೂ ಇದೇ ದಾರಿಯಲ್ಲಿ; ಅವಳು ಮುಂದೆ ಜೋಗದಲ್ಲಿ ಧುಮುಕಿ ಹೆಸರು ಮಾಡಿದಳು, ನಾನು ಹೆಗ್ಗೋಡಿನ ಹತ್ತಿರದ ಒಂದು ಅಡಿಕೆ ತೋಟದ ಮನೆಯಲ್ಲಿ ನಿಂತೆ. ಹೊಸನಗರದಲ್ಲಿ ಪಿಯುಸಿ ಓದುವಾಗ ಈ ಗಿಡ ನಮಗೆ ಬಯಾಲಜಿ ನೋಟ್ಸಿನ ಪ್ರಶ್ನೆಯಾಗಿತ್ತು. ಹಾಲೆಂಡಿನ ಹ್ಯೂಗೋ ಡಿ ವ್ರೀಸ್ 1886ರಲ್ಲಿ ಹಿಲ್ವರ್ಸಮ್ ಊರಿನ ಬಳಿ, ಪಾಳುಬಿದ್ದ ಆಲೂಗಡ್ಡೆ ಹೊಲವೊಂದರಲ್ಲಿ ಈ ಜಾತಿಯ ಗಿಡಗಳನ್ನು ಕಂಡ. ಒಂದೇ ತಾಯಿಯ ಮಕ್ಕಳಲ್ಲಿ ಕೆಲವು ಇದ್ದಕ್ಕಿದ್ದಂತೆ ಬೇರೆಯೇ ಆಗಿ ಹುಟ್ಟುವುದನ್ನು ನೋಡಿ ಮ್ಯುಟೇಶನ್ ಸಿದ್ಧಾಂತ ಕಟ್ಟಿದ. ಅವನು ಕಂಡ ಬದಲಾವಣೆಗಳಲ್ಲಿ ಹೆಚ್ಚಿನವು ಆ ಗಿಡದ ಕ್ರೋಮೋಸೋಮುಗಳ ವಿಚಿತ್ರ ನಡವಳಿಕೆ ಎಂದು ಆಮೇಲಿನವರು ತಿದ್ದಿದರು. ನಾವು ಇಷ್ಟನ್ನೂ ಉರು ಹೊಡೆದೆವು. ಹೂವು ಹಳದಿ ಎಂದು ಯಾರೂ ಹೇಳಲಿಲ್ಲ. ಸಂಜೆ ಅರಳುತ್ತದೆ ಎಂಬುದು ಹೆಸರಿನಲ್ಲೇ ಇತ್ತು, ನಮಗೆ ಹೊಳೆಯಲಿಲ್ಲ.

ಅರಳುವುದೆಂದರೆ ಸುಮ್ಮನೆ ಅರಳುವುದಲ್ಲವಂತೆ. ಕತ್ತಲಾಗುವ ಹೊತ್ತಿಗೆ ಮೊಗ್ಗಿನ ಹೊರಗಿನ ಹಸಿರು ಪತ್ರಗಳು ಪಟ್ಟನೆ ಹಿಂದಕ್ಕೆ ಬಾಗಿ, ನೋಡನೋಡುತ್ತಿದ್ದ ಹಾಗೆ ಒಂದು ನಿಮಿಷದೊಳಗೆ ಹೂವು ಬಿಚ್ಚಿಕೊಳ್ಳುತ್ತದೆ. ಹೂವು ಅರಳುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ಹತ್ತಿದ್ದು ಅದರಿಂದ.

ರೋಹಿಣಿ ಮಳೆ ಒಂದೆರಡು ಹನಿ ಹಾಕಿದ ಮೇಲೆ ಅಡಿಕೆ ಹಾಳೆಯೊಂದನ್ನು ಮಡಿಚಿ ದೊನ್ನೆಯ ಹಾಗೆ ಮಾಡಿ, ಮರಳು ಮಣ್ಣು ತುಂಬಿ, ಬೀಜ ಉದುರಿಸಿದೆ. ರಾಗಿಗಿಂತ ಸಣ್ಣ ಬೀಜ. ಮೇಲೆ ಮಣ್ಣು ಮುಚ್ಚುವ ಹಾಗಿಲ್ಲ, ಬೆಳಕು ಕಂಡರೇ ಮೊಳೆಯುವುದು. ಹಾಗೆ ಬಿಟ್ಟರೆ ಇರುವೆ ಬಿಡುವುದಿಲ್ಲ. ಹಾಳೆಯ ಸುತ್ತ ಬೂದಿಯ ಗೆರೆ ಎಳೆದು ಲಕ್ಷ್ಮಣರೇಖೆ ಮಾಡಿದ್ದನ್ನು ಅತ್ತೆ ನೋಡಿಯೇ ಬಿಟ್ಟರು.

“ಎಂತದೇ ತಂಗಿ ಅದು, ಸಾಸ್ವೆಯಾ?”

ಎರಡು ವಾರಕ್ಕೆ ಸೂಜಿಮೊನೆಯಂಥ ಸಸಿ ಎದ್ದವು. ಹತ್ತು ಎಲೆಯಾಗಿ ನೆಲಕ್ಕೆ ಚಪ್ಪಟೆಯಾಗಿ ಕೂತವು, ಬಿಸಿಲು ಕಾಯಿಸುವ ಕಪ್ಪೆಗಳ ಹಾಗೆ. ಅಷ್ಟರಲ್ಲಿ ಆರಿದ್ರೆ ಹಿಡಿಯಿತು. ನನ್ನ ತವರಿನ ಕಡೆಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮೇಲೆ ಸುರಿಯುತ್ತದೆ. ಸಾಗರದ ಮಳೆ ಅದರ ಮುಂದೆ ಏನೂ ಅಲ್ಲ ಎಂದು ಜಂಬ ಕೊಚ್ಚುತ್ತಿದ್ದವಳು ನಾನು. ನೀರಿಳಿಯುವ ಮರಳುನೆಲ, ಪೂರ್ತಿ ಬಿಸಿಲು ಕೇಳುವ ಗಿಡಕ್ಕೆ ಈ ವ್ಯತ್ಯಾಸ ತಿಳಿಯಬೇಕಲ್ಲ! ಹದಿನೈದು ದಿನ ಸೂರ್ಯನ ಮುಖ ಕಾಣದೆ ಒಂದೊಂದೇ ಬುಡದಲ್ಲಿ ಕೊಳೆತು ಮಲಗಿದವು. ಅಡಿಕೆಗೊನೆಗಾದರೆ ಹಿಂದೆ ಹಾಳೆಯ ಕೊಟ್ಟೆ ಕಟ್ಟುತ್ತಿದ್ದರು, ಈಗ ಮೈಲುತುತ್ತದ ಔಷಧಿ ಹೊಡೆಯುತ್ತಾರೆ. ಈ ಪರದೇಶಿಗೆ ಕೊಟ್ಟೆ ಕಟ್ಟುವವರು ಯಾರು?

ಪರದೇಶಿ ಎಂದು ಬರೆದ ಮೇಲೆ ನಾಲಗೆ ಕಚ್ಚಿಕೊಂಡೆ. ಕೊಳೆತ ಸಸಿಯನ್ನು ಎಸೆಯಲು ಹೋದ ಜಾಗದಲ್ಲೇ, ಬಚ್ಚಲ ನೀರು ಹರಿಯುವ ಕೊಚ್ಚೆಯ ಅಂಚಿನಲ್ಲಿ, ಸೊಂಟದೆತ್ತರಕ್ಕೆ ಬೆಳೆದು ನಿಂತಿತ್ತು ಸಂಜೆಮಲ್ಲಿಗೆ. ಅದೂ ಅಮೆರಿಕ ಖಂಡದಿಂದ ಬಂದದ್ದೇ. ಮಳೆಗಾಲದಲ್ಲಿ ನಮ್ಮ ಕಡೆಯ ಹೆಂಗಸರ ಎದೆಯುಬ್ಬಿಸುವ ಡೇರೆಯೂ ಮೆಕ್ಸಿಕೋದ್ದು. ಆದರೆ ಡೇರೆಗೆ ಕೋಲು ಕೊಡುತ್ತೇವೆ, ಅಂಗಳದ ಎದುರಿನ ಜಾಗ ಕೊಡುತ್ತೇವೆ, ಬಂದ ನೆಂಟರನ್ನು ಕೊಡೆ ಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತೇವೆ. ಸಂಜೆಮಲ್ಲಿಗೆಗೆ ಬಚ್ಚಲ ನೀರು. ದೇವರಿಗೂ ಅದು ಒದಗುವುದಿಲ್ಲ, ಬೆಳಗಿನ ಪೂಜೆಯ ಹೊತ್ತಿಗೆ ಬಾಡಿ ಮುದುಡಿರುತ್ತದೆ.

ನಮ್ಮ ಹಿತ್ತಲಿನ ಹಳದಿ ಸಂಜೆಮಲ್ಲಿಗೆಗೆ ಒಂದು ಚರಿತ್ರೆಯಿದೆ. ಅತ್ತೆಯ ತವರು ಈಗ ಶರಾವತಿಯ ಹಿನ್ನೀರಿನಡಿ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಅದಕ್ಕೆ ಮೊದಲೇ ಊರು ಬಿಡಬೇಕಾಯಿತು. ಬಾಗಿಲು, ದಾರಂದ, ಹೆಂಚು, ಒರಳು, ದನಕರು ಎಲ್ಲ ಸಾಗಿಸುವ ಗಡಿಬಿಡಿಯಲ್ಲಿ ಅತ್ತೆಯ ಅಮ್ಮ ಕತ್ತಲಲ್ಲೇ ಹೂವಿನ ಪಾತಿ ಅಗೆದು, ಡೇರೆಯ ಗಡ್ಡೆಗಳನ್ನು ಗೋಣಿಗೆ ತುಂಬಿಕೊಂಡರಂತೆ. ಹೊಸ ಜಾಗದಲ್ಲಿ ಒಳ್ಳೆಯ ಪಾತಿ ಮಾಡಿ ನೆಟ್ಟು, ಗೊಬ್ಬರ ಹಾಕಿ ಕಾದರು. ಮೊಳೆತದ್ದು ಸಂಜೆಮಲ್ಲಿಗೆ. “ಆಯಿಗೆ ಮನೆ ಮುಳುಗಿದ್ದಕ್ಕಿಂತ ಅದೇ ದೊಡ್ಡ ಬೇಜಾರು” ಎಂದು ಅತ್ತೆ ಈಗಲೂ ನಗುತ್ತಾರೆ. ಆ ನಗುವಿನ ಕೊನೆಯಲ್ಲಿ ಒಂದು ಕ್ಷಣ ಸುಮ್ಮನಾಗುತ್ತಾರೆ. ಮದುವೆಯಾಗಿ ಬರುವಾಗ ಅದರ ಬೀಜವನ್ನು ತಾವೇ ಕಟ್ಟಿಕೊಂಡು ಬಂದದ್ದನ್ನು ಮಾತ್ರ ಹೇಳುವುದಿಲ್ಲ; ಮಾವ ಇದ್ದಾಗ ಹೇಳಿದ್ದು.

ಕೆಂಪು ಸಂಜೆಮಲ್ಲಿಗೆ ನಾನು ತಂದದ್ದು, ತೀರ್ಥಹಳ್ಳಿ ಕಡೆಯದು. ಹಳದಿಯ ಪಕ್ಕದಲ್ಲಿ ಊರಿದೆ. ಮೂರ್ನಾಲ್ಕು ವರ್ಷದಲ್ಲಿ ಹಳದಿಯ ಮೇಲೆ ಕೆಂಪು ಚಿಮುಕಿಸಿದ್ದು, ಅರ್ಧ ಕೆಂಪು ಅರ್ಧ ಹಳದಿ, ಒಂದೇ ಗಿಡದಲ್ಲಿ ಎರಡು ಮೂರು ಬಣ್ಣ, ಹೋಳಿ ಆಡಿ ಬಂದ ಮಕ್ಕಳ ಹಾಗೆ ಹುಟ್ಟಿದವು. ಈ ಬಣ್ಣ ಹೂವುಗಳ ಮಾಮೂಲಿ ಬಣ್ಣವಲ್ಲ, ಬೀಟ್‌ರೂಟಿನಲ್ಲೂ ಕೆಂಪು ಹರಿವೆಯಲ್ಲೂ ಇರುವ ವರ್ಗದ್ದು. ಕೆಂಪು ಸಂಜೆಮಲ್ಲಿಗೆಗೆ ಬಿಳಿಯದನ್ನು ಕೂಡಿಸಿದರೆ ಗುಲಾಬಿ ಹುಟ್ಟುತ್ತದೆ ಎಂದು ತೋರಿಸಿದವನು ಜರ್ಮನಿಯ ಕಾರ್ಲ್ ಕೊರೆನ್ಸ್. ಮೆಂಡಲನನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಅವನೂ ಒಬ್ಬ, ನಮ್ಮ ಡಿ ವ್ರೀಸನೂ ಒಬ್ಬ. ನೋಟ್ಸಿನ ಒಂದು ಪುಟದ ಗಿಡ ಹಾಳೆಯಲ್ಲಿ ಕೊಳೆಯಿತು, ಮುಂದಿನ ಪುಟದ್ದು ಬಚ್ಚಲ ಕೊಚ್ಚೆಯಲ್ಲಿ ಕೊಬ್ಬಿ ನಿಂತಿದೆ. ಅದೇ ಇದು ಎಂದು ಗೊತ್ತಾಗಲು ನನಗೆ ಇಷ್ಟು ವರ್ಷ ಬೇಕಾಯಿತು.

ಬೆಳೆಸಲು ಇದಕ್ಕೆ ವಿದ್ಯೆ ಬೇಡ. ಬೀಜವನ್ನು ಒಂದು ರಾತ್ರಿ ನೆನೆಸಿ, ಬೆರಳಿನ ಒಂದು ಗೆಣ್ಣಿನಾಳಕ್ಕೆ ಒತ್ತಿದರೆ ವಾರ ಹತ್ತು ದಿನದಲ್ಲಿ ದಪ್ಪ ಎರಡೆಲೆ ಹೊತ್ತುಕೊಂಡು ಏಳುತ್ತದೆ. ಆಮೇಲೆ ತಾನೇ ಬೀಜ ಉದುರಿಸಿ ತಾನೇ ಹುಟ್ಟುತ್ತದೆ; ಒಳಗೆ ಗಡ್ಡೆ ಬೇರೆ. ಹೂವಿಗೊಂದೇ ಬೀಜ, ಉಂಗುರದಲ್ಲಿ ಹರಳು ಕೂರಿಸಿದ ಹಾಗೆ ಹಸಿರು ಬಟ್ಟಲಿನಲ್ಲಿ ಕರಿದಾಗಿ ಕೂತಿರುತ್ತದೆ. ಒಡೆದರೆ ಒಳಗೆ ಬಿಳಿ ಹಿಟ್ಟು. ಚಿಕ್ಕಂದಿನಲ್ಲಿ ಅದನ್ನು ಕೆನ್ನೆಗೆ ಪೌಡರು ಎಂದು ಬಳಿದುಕೊಳ್ಳುತ್ತಿದ್ದೆವು. ನೋಡಲು ಥೇಟು ಕಾಳುಮೆಣಸು. ಒಮ್ಮೆ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ಅಡುಗೆಮನೆಯ ನಾಗಂದಿಗೆಯ ಮೇಲಿಟ್ಟಿದ್ದೆ. ಮೆಣಸಿನ ಸಾರಿಗೆಂದು ಅತ್ತೆ ಒರಳಿಗೆ ಹಾಕಿ ಒಂದು ಸುತ್ತು ತಿರುಗಿಸಿದ ಮೇಲೆ ಘಾಟು ಬರಲಿಲ್ಲವೆಂದು ಅನುಮಾನವಾಗಿ ಉಳಿದೆವು. ಬೀಜವೂ ಗಡ್ಡೆಯೂ ವಿಷ. ಅವತ್ತಿನಿಂದ ಬಾಟಲಿಗೆ ಕೊಟ್ಟಿಗೆಯಲ್ಲಿ ವಾಸ.

ಪ್ರಿಮ್‌ರೋಸ್ ಹೋದರೂ ನೋಡುವ ಆಸೆ ಹೋಗಿರಲಿಲ್ಲ. ಮಳೆ ಬಿಟ್ಟ ಒಂದು ದಿನ ನಾಲ್ಕು ಗಂಟೆಗೆ ಬಚ್ಚಲ ಹಿಂದೆ ಮಣೆ ಹಾಕಿಕೊಂಡು ಕೂತೆ. ಮೊಗ್ಗು ಮಡಿಸಿಟ್ಟ ಕೊಡೆಯ ಹಾಗಿತ್ತು, ನೆರಿಗೆ ನೆರಿಗೆಯಾಗಿ ಒಂದೇ ಕಡೆಗೆ ತಿರುಚಿಕೊಂಡು. ಕಾಲು ಗಂಟೆ ಏನೂ ಇಲ್ಲ. ಸೊಳ್ಳೆ ಹೊಡೆದು ತಿರುಗಿದರೆ ತುದಿಯ ತಿರುಚು ಒಂಚೂರು ಸಡಿಲವಾಗಿದೆ. ಯಾವಾಗ ಆಯಿತು ಗೊತ್ತಿಲ್ಲ. ಮತ್ತೆ ನೆಟ್ಟ ನೋಟ ಹಿಡಿದರೆ ಮತ್ತೆ ಸ್ತಬ್ಧ. ನೆರಿಗೆಗಳ ನಡುವೆ ಒಂದು ಸಣ್ಣ ತೂತು ಬಿತ್ತು. ಅದರೊಳಗಿಂದ ಕೆಂಪು ದಾರದಂಥದ್ದು ಇಣುಕಿತು. ಕೇಸರಗಳು! ಮೊಗ್ಗಿನೊಳಗೆ ಸುರುಳಿ ಸುತ್ತಿಕೊಂಡು ಕೂತಿದ್ದವು ಒಂದೊಂದಾಗಿ ಬಿಚ್ಚಿ ಹೊರಗೆ ಚಾಚಿದವು, ತುದಿಯಲ್ಲಿ ಹಳದಿ ಗುಂಡು. ಐದು ಎಣಿಸಿದೆ. ಕಹಳೆಯ ಬಾಯಿ ಪೂರ್ತಿ ಚಪ್ಪಟೆಯಾಗುವ ಹೊತ್ತಿಗೆ ಐದು ದಾಟಿತ್ತು, ಕಾಲು ಜೋಮು ಹಿಡಿದಿತ್ತು. ಎಸಳು ಎಂದು ನಾವು ತಿಳಿದದ್ದು ಎಸಳೇ ಅಲ್ಲವಂತೆ, ಬಣ್ಣ ಬಂದ ಪುಷ್ಪಪತ್ರ. ಇರಲಿ. ಮಬ್ಬಾದಾಗ ಪರಿಮಳ ಎದ್ದಿತು. ಉದ್ದ ಸೊಂಡಿಲಿನ ದೊಡ್ಡ ಪತಂಗವೊಂದು ಬಂದು, ಹೂವಿನ ಮೇಲೆ ಕೂರದೆ ಗಾಳಿಯಲ್ಲೇ ನಿಂತು ಕುಡಿದು ಹೋಯಿತು. ಯಾವ ಪತಂಗವೂ ಬಾರದಿದ್ದರೆ, ಬೆಳಿಗ್ಗೆ ಮುದುಡುವಾಗ ಕೇಸರಗಳು ಮತ್ತೆ ಸುರುಳಿ ಸುತ್ತಿ ಶಲಾಕೆಯ ತುದಿಗೆ ತಾವೇ ಪರಾಗ ಮುಟ್ಟಿಸುತ್ತವೆ.

ಅತ್ತೆ ಚೊಂಬು ಹಿಡಿದು ಕೊಟ್ಟಿಗೆಗೆ ಹೊರಟವರು ನನ್ನನ್ನು ನೋಡಿ ನಿಂತರು. ಅವರಿಗೆ ಇದು ಗಡಿಯಾರ. ಹೂವು ಬಾಯಿ ಬಿಟ್ಟರೆ ಹಾಲು ಕರೆಯುವ ಹೊತ್ತು. ಆಷಾಢದ ಕಾರ್ಮೋಡದಲ್ಲಿ ಮಾತ್ರ ಈ ಗಡಿಯಾರವನ್ನು ನಂಬುವಂತಿಲ್ಲ, ಬೆಳಿಗ್ಗೆ ಮುಚ್ಚುವುದನ್ನೇ ಮರೆತು ಹತ್ತು ಗಂಟೆಗೂ ಅರಳಿಕೊಂಡಿರುತ್ತದೆ. ಹೆಗ್ಗೋಡಿಗೆ ನಾಟಕಕ್ಕೆ ಹೊರಡುವ ಸಂಜೆಗಳಲ್ಲಿ ನಾನು ಇದನ್ನೇ ದಾರವಿಲ್ಲದೆ ತೊಟ್ಟಿಗೆ ತೊಟ್ಟು ಹೆಣೆದು ಮುಡಿಯುತ್ತೇನೆ. ಏಳು ಗಂಟೆಯ ನಾಟಕಕ್ಕೆ ಏಳು ಗಂಟೆಯಲ್ಲೂ ತಾಜಾ ಇರುವ ಹೂವು ಬೇರೆ ಯಾವುದಿದೆ?

ಪೊಟ್ಟಣದಲ್ಲಿ ಅರ್ಧ ಬೀಜ ಉಳಿದಿತ್ತು. ಅಮೆರಿಕದ ಮಿಶಿಗನ್ನಿನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಬಾಟಲಿಗಳಲ್ಲಿ ಹೂತಿಟ್ಟ ಬೀಜಗಳಲ್ಲಿ ಎಂಬತ್ತು ವರ್ಷದ ಮೇಲೂ ಮೊಳೆತ ಕೆಲವೇ ಜಾತಿಗಳಲ್ಲಿ ಪ್ರಿಮ್‌ರೋಸ್ ಒಂದು ಎಂದು ಓದಿದ ಮೇಲೆ ನನಗೇನೂ ಅವಸರ ಇರಲಿಲ್ಲ. ಆದರೂ ದೀಪಾವಳಿ ಕಳೆದ ಮೇಲೆ ಒಂದು ಕುಂಡದಲ್ಲಿ ಹಾಕಿ, ಸೂರಿನ ನೀರು ಬೀಳದ ಕಡೆ ಜಗಲಿಯ ಮೂಲೆಗಿಟ್ಟೆ. ಈ ಸಲ ನಾಲ್ಕು ಉಳಿದವು. ಮೊದಲ ವರ್ಷ ಎಲೆಯ ಚಕ್ರ, ಚಳಿ ಉಂಡ ಮೇಲೆ ಎರಡನೆಯ ವರ್ಷ ಹೂವು, ಅದು ಅದರ ಕ್ರಮ. ನಮ್ಮ ಚಳಿ ಅದಕ್ಕೆ ಸಾಲಬೇಕಲ್ಲ. ಮೂಲಂಗಿ ಸೊಪ್ಪಿನ ಹಾಗೆ ಹರಡಿ ಕೂತಿವೆ, ದಂಟು ಏಳುವ ಸೂಚನೆಯೇ ಇಲ್ಲ. ಅತ್ತೆ ನನಗೆ ಕಾಣದ ಹಾಗೆ ದಿನಾ ಅಕ್ಕಿ ತೊಳೆದ ನೀರು ಹಾಕುತ್ತಾರೆ. ನಿನ್ನೆ ಕುಂಡದ ಮುಂದೆ ಬಗ್ಗಿ ಒಂದೆಲೆ ಚಿವುಟಿ ಮೂಸಿ ನೋಡಿದರು.

“ಇದು ಹೂ ಬಿಡೂ ಜಾತಿ ಅಲ್ದೇ. ತಂಬ್ಳಿಗಾದ್ರೂ ಬತ್ತಾ, ಆ ಮಾಣಿ ಹತ್ರ ಕೇಳು.”