ಹಾಜರಿ ಪಟ್ಟಿಯ ಕೊನೆಯ ಹೆಸರು

ದಾವಣಗೆರೆಯಲ್ಲಿರುವ ನನ್ನ ಮಗ ಮುಂಗಡ ಕಟ್ಟಿ ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ್ದ. ಯುಗಾದಿಗೆ ಕೊಡುತ್ತೇವೆ ಎಂದರು, ಆಮೇಲೆ ಶ್ರಾವಣ ಎಂದರು. ಅಷ್ಟರಲ್ಲಿ ಅವನಿಗಿಂತ ಎರಡು ತಿಂಗಳು ತಡವಾಗಿ ಬುಕ್ ಮಾಡಿದ್ದ ಪಕ್ಕದ ಮನೆಯವರ ಬಾಗಿಲಿಗೆ ಅದೇ ಕಾರು ಬಂದು ನಿಂತಿತು. ವಿಚಾರಿಸಿದರೆ, ಅವರದು ಹೆಚ್ಚು ಬೆಲೆಯ ಮಾದರಿ, ಮೊದಲು ತಯಾರಾಗುವುದು ಅದೇ ಅಂತೆ. "ಅವ್ವಾ, ಮೊದ್ಲು ದುಡ್ಡು ಕಟ್ಟಿದೋರಿಗೆ ಬೆಲೆನೇ ಇಲ್ವಾ?" ಎಂದು ಫೋನಿನಲ್ಲಿ ಕೂಗಾಡಿದ.

ಕಾಯುವುದು ನಮ್ಮ ಕಾಲದವರಿಗೆ ಹೊಸದಲ್ಲ. ನಮ್ಮಪ್ಪ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದರು. ಗ್ಯಾಸಿಗೂ ಫೋನಿಗೂ ನೀವು ಕಾದಿದ್ದೀರಿ. 1983ರಲ್ಲಿ ಮಾರುತಿ ಕಾರಿಗೆ ಬುಕ್ ಮಾಡಿದವರು ಲಕ್ಷ ದಾಟಿದ್ದರಿಂದ ಲಾಟರಿ ಎತ್ತಿ ಸರದಿ ಗೊತ್ತುಮಾಡಿದರು. ಆ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರ ಕೈಯಿಂದ ಮೊದಲ ಕೀಲಿ ಪಡೆದವರು ಹರ್ಪಾಲ್ ಸಿಂಗ್ ಎಂಬ ವಿಮಾನ ಸಂಸ್ಥೆಯ ನೌಕರರು. ಅದೃಷ್ಟವೋ ದುರದೃಷ್ಟವೋ, ಲೆಕ್ಕ ಮಾತ್ರ ಎಲ್ಲರಿಗೂ ಗೊತ್ತಿತ್ತು.

ಅಮೆರಿಕದಲ್ಲೂ ಈ ತಕರಾರು ಇದ್ದದ್ದೇ. 2016ರಲ್ಲಿ ಟೆಸ್ಲಾ ಕಂಪನಿ ಸಾವಿರ ಡಾಲರ್ ಮುಂಗಡ ಪಡೆದು ಮಾಡೆಲ್ 3 ಕಾರನ್ನು ಬುಕ್ ಮಾಡಿಸಿಕೊಂಡಿತು. 2017ರ ಜುಲೈಯಲ್ಲಿ ಮೊದಲ ಕಾರುಗಳು ಹೋದದ್ದು ಅದರ ನೌಕರರಿಗೆ. ನಂತರವೂ ದುಬಾರಿ ಮಾದರಿಗಳೇ ಮುಂದಾದವು. 35,000 ಡಾಲರಿನದು ಸಿಕ್ಕಿದ್ದು 2019ರಲ್ಲಿ. ನಮ್ಮ ದೇಶದವರೂ ಆಗ ಮುಂಗಡ ಕಟ್ಟಿದ್ದರು. ಮುಂಬಯಿಯಲ್ಲಿ ಮಳಿಗೆ ತೆರೆದದ್ದು 2025ರ ಜುಲೈಯಲ್ಲಿ, ಅದೂ ಬೇರೆ ಮಾದರಿ ಇಟ್ಟುಕೊಂಡು.

ಮಗನ ಪರವಾಗಿ ನಾನೂ ಬೈಯಲು ಹೊರಟಿದ್ದೆ. ಆದರೆ ಬಾಯಿ ಕಟ್ಟಿತು. ಹಂಚುವ ಪಟ್ಟಿ ಒಮ್ಮೆ ನನ್ನ ಕೈಯಲ್ಲೂ ಇತ್ತು.

ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದು 2006ರಲ್ಲಿ. ಉಚ್ಚಂಗಿದುರ್ಗದ ಸುತ್ತಿನ ಶಾಲೆಯೊಂದರಲ್ಲಿ ನಾನಿದ್ದಾಗ ಒಂದು ವರ್ಷ ಅರ್ಧದಷ್ಟು ಸೈಕಲ್ ಮಾತ್ರ ಮೊದಲು ಬಂದವು. ಯಾರಿಗೂ ಪಕ್ಷಪಾತ ಬೇಡವೆಂದು ಹಾಜರಿ ಪುಸ್ತಕದ ಪ್ರಕಾರ ಅಕಾರಾದಿಯಾಗಿ ಹಂಚಿದೆ. ನ್ಯಾಯವಾಗಿ ನಡೆದುಕೊಂಡೆನೆಂದು ಹೆಮ್ಮೆಯೂ ಆಯಿತು.

ಒಬ್ಬ ಹುಡುಗಿಯ ಹೆಸರು 'ಹ'ದಿಂದ ಶುರು. ದಿನವೂ ಮೆಕ್ಕೆಜೋಳದ ಹೊಲಗಳ ನಡುವೆ ನಾಲ್ಕು ಕಿಲೋಮೀಟರ್ ನಡೆದು ಬರುತ್ತಿದ್ದಳು. 'ಅ'ದ ಹುಡುಗನ ಮನೆ ಶಾಲೆಯ ಎದುರಿಗೇ ಇತ್ತು. "ಮೇಡಂ, ನಂದು ಯಾವಾಗ ಬರ್ತೈತ್ರಿ?" ಎಂದು ಕೇಳಿದಳು. "ಬರುತ್ತೆ ಹೋಗಮ್ಮ" ಎಂದೆ. ಎರಡನೇ ಕಂತು ಬರುವಷ್ಟರಲ್ಲಿ ಪರೀಕ್ಷೆ ಹತ್ತಿರವಾಗಿತ್ತು. ಆ ಮಳೆಗಾಲವನ್ನೂ ಚಳಿಗಾಲವನ್ನೂ ಅವಳು ನಡೆದೇ ಕಳೆದಳು. ಯಾರ ಮನೆ ಎಷ್ಟು ದೂರ ಎಂದು ಕೇಳಬೇಕೆಂಬುದು ನನಗೆ ಆಗ ಹೊಳೆಯಲೇ ಇಲ್ಲ.

ಮಗನಿಗೆ ಇದನ್ನು ಹೇಳಿದೆ. "ಹೆಚ್ಚು ಬೆಲೆಯದು ಮೊದಲು ಅಂತ ಮುಂಗಡ ಕಟ್ಟುವಾಗಲೇ ತಿಳಿಸಿದ್ದರೆ ಏನು ಮಾಡ್ತಿದ್ದೆ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಯ್ತಿದ್ದೆ ಬಿಡವ್ವಾ" ಎಂದ.

ಅಷ್ಟೇ. ಎಲ್ಲರಿಗೂ ಒಂದೇ ದಿನ ಕೊಡಲು ಯಾರಿಂದಲೂ ಆಗದು. ಯಾವ ಲೆಕ್ಕದಲ್ಲಿ ಕೊಡುತ್ತೇವೆಂದು ಮೊದಲೇ ಹೇಳಬಹುದು; ಯಾರಿಗೆ ಜರೂರು ಎಂದು ಕೇಳಬಹುದು. ಇವೆರಡನ್ನೂ ನಾನು ಮಾಡಲಿಲ್ಲ.

ಅಂದಿನಿಂದ ಕೆಲವು ದಿನ ಹಾಜರಿಯನ್ನು ಕೊನೆಯಿಂದ ಕೂಗುತ್ತೇನೆ. 'ಹ'ದ ಮಕ್ಕಳು ಬೆಚ್ಚಿ ಎದ್ದುನಿಂತು, ನಗುತ್ತಾ "ಹಾಜರ್ ಮೇಡಂ" ಎನ್ನುತ್ತಾರೆ.