ಒಂದು ಲೇಖನಿಯ ಏಳುಬೀಳು

ಕಾಗದ, ಮಸಿ, ಒಂದಿಷ್ಟು ಕಲ್ಪನೆ, ಇಷ್ಟಿದ್ದರೆ ಕಾದಂಬರಿಯನ್ನು ಬರೆಯಬಹುದೆಂದು ಬಗೆಯುವವರು ಅನೇಕರುಂಟು. ಬರೆದು ಮುಗಿಸಿದವನು ಕಾದಂಬರಿಕಾರನಾದನೆಂದೂ, ಒಮ್ಮೆ ಆದಮೇಲೆ ಆ ಪದವಿಗೆ ಚ್ಯುತಿಯಿಲ್ಲವೆಂದೂ ಅವರ ಎಣಿಕೆ. ಈ ಎಣಿಕೆ ಎಷ್ಟರಮಟ್ಟಿಗೆ ದಿಟವೆಂಬುದನ್ನು ತಿಳಿಯಬೇಕಾದರೆ ನಂಜನಗೂಡಿನ ತಿರುಮಲಾಂಬಾ ಅವರ ಬಾಳನ್ನು ನೆನೆದು ನೋಡಬೇಕು. ಕನ್ನಡದಲ್ಲಿ ಕಾದಂಬರಿ ಬರೆದ ಮೊದಮೊದಲ ಮಹಿಳೆಯರಲ್ಲಿ ಅವರು ಒಬ್ಬರು. ಲೇಖನಿಯನ್ನು ಹಿಡಿಯುವುದು ಎಷ್ಟು ಕಷ್ಟವೋ, ಹಿಡಿದದ್ದನ್ನು ಉಳಿಸಿಕೊಳ್ಳುವುದೂ ಅಷ್ಟೇ ಕಷ್ಟವೆಂಬುದಕ್ಕೆ ಅವರ ಕಥೆಯೇ ಸಾಕ್ಷಿ.

ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ. ತಂದೆ ವಕೀಲರು, ಮನೆತನ ಆಚಾರವಂತರದು. ಅಂದಿನ ರೂಢಿಯಂತೆ ಮಗುವಾಗಿರುವಾಗಲೇ ಮದುವೆಯಾಯಿತು. ಸಂಸಾರವೆಂದರೇನೆಂದು ಅರಿಯುವ ಮೊದಲೇ, ಹದಿನಾಲ್ಕರ ಸುಮಾರಿಗೆ, ವೈಧವ್ಯವೂ ಬಂದಿತು. ಅಂಥ ಹುಡುಗಿಗೆ ಆ ಕಾಲದ ಮನೆಗಳಲ್ಲಿ ದೊರೆಯುತ್ತಿದ್ದುದು ನಡುಮನೆಯ ಹಿಂದಿನ ಒಂದು ಮೂಲೆ, ಬಿಡುವಿಲ್ಲದ ಚಾಕರಿ, ಶುಭಕಾರ್ಯಗಳಿಂದ ದೂರವಿರುವ ಕಟ್ಟಳೆ. ತಿರುಮಲಾಂಬಾ ಅವರ ಭಾಗ್ಯವೆಂದರೆ, ತಂದೆ ಮಗಳ ಕೈಗೆ ಪುಸ್ತಕವನ್ನು ಕೊಟ್ಟರು. ಶಾಲೆಯಲ್ಲಿ ದೊರೆಯದ ವಿದ್ಯೆ ಮನೆಯಲ್ಲಿ ದೊರೆಯಿತು. ಓದು ಮೊದಲು ದುಃಖವನ್ನು ಮರೆಸುವ ಮದ್ದಾಯಿತು. ಬರಬರುತ್ತ ಅದೇ ಬಾಳಿನ ಕಸುಬಾಯಿತು.

ಇಲ್ಲಿ ಒಂದು ವಿಚಿತ್ರವಾದ ಹೊಂದಿಕೆಯನ್ನು ಗಮನಿಸಬಹುದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾದದ್ದು 1899ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಆ ಗ್ರಂಥದ ನಾಯಿಕೆ ಎಳೆಯ ವಿಧವೆ. ಮನೆಯ ಬಂಧನವನ್ನು ಹರಿದು ಹೊರಬಂದು, ವಿದ್ಯೆ ಕಲಿತು, ಮರುಮದುವೆಯಾಗುವವಳು. ಅದಾದ ಹದಿನಾಲ್ಕು ವರ್ಷಗಳ ಮೇಲೆ, 1913ರಲ್ಲಿ, ‘ಸುಶೀಲೆ’ ಎಂಬ ಕಾದಂಬರಿ ನಂಜನಗೂಡಿನಿಂದ ಹೊರಬಂದಿತು. ಮೊದಲಿನ ಪುಸ್ತಕದಲ್ಲಿ ವಿಧವೆಯ ಕಥೆಯನ್ನು ಬೇರೊಬ್ಬರು ಹೇಳಿದ್ದರು. ಈಗ ಅಂಥ ಹೆಣ್ಣೊಬ್ಬಳು ತಾನೇ ಕಥೆ ಹೇಳಲು ಕುಳಿತಳು. ಕಥೆಯೊಳಗಿನ ಪಾತ್ರವಾಗುವುದಕ್ಕೂ ಕಥೆಯನ್ನು ಕಟ್ಟುವ ಕರ್ತೃವಾಗುವುದಕ್ಕೂ ಇರುವ ಅಂತರ ಸಾಮಾನ್ಯವಾದುದಲ್ಲ.

ಬರೆದ ಮಾತ್ರಕ್ಕೆ ಕೆಲಸ ಮುಗಿಯಿತೆ? ಅಚ್ಚು ಹಾಕಿಸುವವರು ಯಾರು, ಕೊಳ್ಳುವವರು ಯಾರು? ಆ ಕಾಲದಲ್ಲಿ ಕಾದಂಬರಿಯನ್ನು ಬರೆದವನು ವಾಚಕರನ್ನೂ ತಾನೇ ಹುಡುಕಿಕೊಳ್ಳಬೇಕಾಗಿತ್ತು. ಉತ್ತರ ಕರ್ನಾಟಕದಲ್ಲಿ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ಕನ್ನಡಿಗರಿಗೆಲ್ಲ ತಿಳಿದದ್ದೇ. ಆದರೆ ಗಂಟು ಹೊತ್ತು ಬೀದಿಗಿಳಿಯುವ ದಾರಿ ತಿರುಮಲಾಂಬಾ ಅವರ ಸ್ಥಿತಿಯಲ್ಲಿದ್ದ ಹೆಂಗಸಿಗೆ ತೆರೆದಿರಲಿಲ್ಲ. ಆದಕಾರಣ ಅವರು ಬೇರೊಂದು ಮಾರ್ಗವನ್ನು ಕಂಡುಕೊಂಡರು. ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿ, ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ‘ಸುಶೀಲೆ’ಗೆ ಮರುಮುದ್ರಣದ ಭಾಗ್ಯವೂ ಬಂದಿತು. ‘ನಭಾ’, ‘ಮಾತೃನಂದಿನಿ’ ಮೊದಲಾದ ಕೃತಿಗಳು ಒಂದರ ಹಿಂದೆ ಒಂದು ಬಂದವು. ಹೆಂಗಸರಿಗಾಗಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ಅವರು ನಡೆಸಿದರು. ಇದು ಏಳಿಗೆಯ ಕಾಲ.

ಅವರು ಬರೆದುದಾದರೂ ಏನು? ಹೆಣ್ಣಿಗೆ ವಿದ್ಯೆ ಬೇಕು, ವಿವೇಕ ಬೇಕು, ಆತ್ಮಗೌರವ ಬೇಕು ಎಂಬುದನ್ನು ಅವರು ಒತ್ತಿ ಹೇಳಿದರು. ಆದರೆ ಪಾತಿವ್ರತ್ಯದ ಆದರ್ಶವನ್ನು ಬಿಟ್ಟುಕೊಡಲಿಲ್ಲ. ವಿಧವಾವಿವಾಹದ ಪಕ್ಷವನ್ನೂ ವಹಿಸಲಿಲ್ಲ. ‘ಇಂದಿರಾಬಾಯಿ’ಯ ಕರ್ತೃ ಹಾಕಿದ ಹೆಜ್ಜೆಯನ್ನು ಸ್ವತಃ ನೊಂದ ಹೆಣ್ಣು ಹಾಕಲಿಲ್ಲವಲ್ಲಾ ಎಂದು ಇಂದಿನ ವಾಚಕರು ಬೇಸರಪಡುವುದು ಸಹಜ. ಆದರೆ ಗಂಡಸು ಹೇಳಿದರೆ ಸುಧಾರಣೆಯೆನಿಸಿಕೊಳ್ಳುವ ಮಾತು ವಿಧವೆಯ ಬಾಯಿಂದ ಬಂದರೆ ಏನೆನಿಸಿಕೊಳ್ಳುತ್ತಿತ್ತು? ಯಾವ ಮನೆಗಳ ಹೆಣ್ಣುಮಕ್ಕಳಿಗಾಗಿ ಪುಸ್ತಕ ಹುಟ್ಟಿತೋ ಆ ಮನೆಗಳ ಬಾಗಿಲೇ ಅದಕ್ಕೆ ಮುಚ್ಚಿಕೊಳ್ಳುತ್ತಿರಲಿಲ್ಲವೆ? ಅವರ ನಂಬಿಕೆಯೇ ಅಂಥದಿದ್ದೀತು. ಆ ನಂಬಿಕೆಯ ಜತೆಗೆ ಕಾಲದ ಕಟ್ಟೂ ಬೆರೆತಿದ್ದೀತು. ಒಂದಂತೂ ನಿಜ: ಅವರ ಪುಸ್ತಕ ಹಿರಿಯರ ಅಡ್ಡಿಯಿಲ್ಲದೆ ಅಡುಗೆಮನೆಯವರೆಗೆ ಹೋಗಬಲ್ಲ ಪುಸ್ತಕವಾಗಿತ್ತು.

ಏಳಿಗೆಯ ಬೆನ್ನಿಗೇ ಇಳಿತವೂ ಬಂದಿತು. ಕನ್ನಡದ ಅಭಿರುಚಿ ಬದಲಾಯಿತು. 1933ರಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’, 1936ರಲ್ಲಿ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಬಂದವು. ಕಾದಂಬರಿ ನೀತಿಯನ್ನು ಬೋಧಿಸುವುದಕ್ಕಿಂತ ಬಾಳನ್ನು ಇದ್ದಂತೆ ತೋರಬೇಕೆಂದು ವಾಚಕರು ಬಯಸತೊಡಗಿದರು. ಆ ಬಯಕೆ ತಪ್ಪಲ್ಲ. ಅದರಿಂದಲೇ ಕನ್ನಡ ಕಾದಂಬರಿ ಬೆಳೆಯಿತು. ಆದರೆ ಬೆಳೆದ ಮರ ತನ್ನ ಬೇರನ್ನು ಮರೆಯಿತು. ತಿರುಮಲಾಂಬಾ ಅವರ ಹಳೆಯ ಪುಸ್ತಕಗಳು ಅಂಗಡಿಗಳಿಂದ ಮರೆಯಾದವು; ಲೇಖನಿ ಮೌನವಾಯಿತು. ಅವರು ಮದರಾಸಿಗೆ ಹೋಗಿ ನೆಲಸಿದರು. ಒಂದು ಕಾಲದಲ್ಲಿ ಪತ್ರಿಕೆಯನ್ನು ನಡೆಸಿದಾಕೆ, ಗ್ರಂಥಮಾಲೆಯನ್ನು ಕಟ್ಟಿದಾಕೆ, ಕನ್ನಡನಾಡಿನಿಂದ ದೂರದ ನಗರದಲ್ಲಿ ದಶಕಗಳ ಕಾಲ ಯಾರ ಕಣ್ಣಿಗೂ ಬೀಳದೆ ಬಾಳಿದರು.

ಅವರ ಇಳಿವಯಸ್ಸಿನಲ್ಲಿ ಕನ್ನಡದ ವಿದ್ವಾಂಸೆ ಚಿ. ನ. ಮಂಗಳಾ ಅವರು ಹುಡುಕಿಕೊಂಡು ಹೋಗಿ ಆ ಹಿರಿಯ ಜೀವವನ್ನು ಕಂಡರು. ಮರೆತ ಹೆಸರು ಮತ್ತೆ ಕನ್ನಡಿಗರ ಕಿವಿಗೆ ಬಿದ್ದಿತು. 1982ರಲ್ಲಿ ತಿರುಮಲಾಂಬಾ ತೀರಿಕೊಂಡರು. ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯೊಂದು ಸ್ಥಾಪಿತವಾಯಿತು. ಸಂತೋಷವೇ ಸರಿ. ಆದರೆ ತೊಂಬತ್ತೈದು ವರ್ಷದ ಬಾಳಿನಲ್ಲಿ ಗ್ರಂಥಕರ್ತ್ರಿಯಾಗಿ ಬಾಳಿದ ವರ್ಷಗಳೆಷ್ಟು, ಮರೆತುಹೋದವರಾಗಿ ಬಾಳಿದ ವರ್ಷಗಳೆಷ್ಟು ಎಂದು ಲೆಕ್ಕ ಹಾಕಿದರೆ ಆ ಸಂತೋಷಕ್ಕೆ ಮಂಕು ಕವಿಯುತ್ತದೆ.

ಹಾಗಾದರೆ ಕಾದಂಬರಿಕಾರರಾಗುವುದೆಂದರೇನು? ಬರೆಯುವವರ ಛಲ ಅದರಲ್ಲಿ ಅರ್ಧ ಮಾತ್ರ. ಆ ಅರ್ಧವನ್ನು ತಿರುಮಲಾಂಬಾ ಸಾಲ ಉಳಿಸದೆ ಸಲ್ಲಿಸಿದರು. ಉಳಿದರ್ಧ ಓದುವ ಮನೆಗಳ ಪಾಲು. ಹೊಸದನ್ನು ಬರಮಾಡಿಕೊಳ್ಳುವ ಭರದಲ್ಲಿ ಹಳೆಯದನ್ನು ಅಟ್ಟಕ್ಕೆ ಹಾಕುವುದು ಮನೆವಾರ್ತೆಯ ಸಹಜ ಕ್ರಮ. ಅಟ್ಟವನ್ನು ಗುಡಿಸುವ ದಿನವಾದರೂ, ಅಜ್ಜಿಯ ಹೆಸರು ಬರೆದ ಅಂಥದೊಂದು ಪುಸ್ತಕ ಕೈಗೆ ಸಿಕ್ಕಿದರೆ, ರದ್ದಿಯ ರಾಶಿಗೆ ಸೇರಿಸುವ ಮುನ್ನ ಹತ್ತು ಪುಟ ಓದಿ ನೋಡಬಹುದು. ಆ ಪುಟಗಳನ್ನು ಬರೆಯಲು ಒಬ್ಬಾಕೆ ಎಷ್ಟು ಬಾಗಿಲುಗಳನ್ನು ತೆರೆಯಬೇಕಾಯಿತೆಂಬುದು ಆಗ ಮನಸ್ಸಿಗೆ ಬಂದೀತು.